ಪಥ್ಯವೂ ರುಚಿಯೂ: ಪ್ರಾಚೀನ ವೈದ್ಯಗ್ರಂಥಗಳಲ್ಲಿ ಅರುಚಿಯುಳ್ಳ ರೋಗಿಯ ಆಹಾರ

ಕನ್ನಡದಲ್ಲಿ ‘ಪಥ್ಯ’ವೆಂಬ ಶಬ್ದಕ್ಕೆ ಎರಡು ಬಗೆಯ ಬಳಕೆಯುಂಟು. ರೋಗಿಯು ಪಥ್ಯದಲ್ಲಿದ್ದಾನೆಂದರೆ ಉಪ್ಪು, ಹುಳಿ, ಖಾರಗಳನ್ನು ಬಿಟ್ಟು ಸಪ್ಪೆಯಾದುದನ್ನು ಮಿತವಾಗಿ ಉಣ್ಣುತ್ತಿದ್ದಾನೆಂದು ಅರ್ಥ. ಹಿರಿಯರ ಮಾತು ಅವನಿಗೆ ಪಥ್ಯವಾಗಲಿಲ್ಲವೆಂದರೆ ಆ ಮಾತು ಅವನಿಗೆ ಹಿಡಿಸಲಿಲ್ಲವೆಂದು ಅರ್ಥ. ಮೊದಲನೆಯ ಬಳಕೆಯಲ್ಲಿ ಪಥ್ಯವು ರುಚಿಗೆ ವಿರೋಧಿ. ಎರಡನೆಯದರಲ್ಲಿ ಪಥ್ಯವೂ ರುಚಿಯೂ ಒಂದೇ. ಒಂದು ಶಬ್ದವು ಹೀಗೆ ಪರಸ್ಪರವಿರುದ್ಧವಾದ ಎರಡು ಅರ್ಥಗಳನ್ನು ತಾಳಿರುವುದಕ್ಕೆ ಕಾರಣವೇನು? ಪ್ರಾಚೀನ ವೈದ್ಯರು ಆಹಾರವನ್ನು ಒಲ್ಲದ ರೋಗಿಗೆ ಏನನ್ನು ಹೇಗೆ ಉಣಿಸುತ್ತಿದ್ದರೆಂಬ ವಿಚಾರವನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಅನುಕೂಲ. ಆಯುರ್ವೇದದ ಪಥ್ಯವೆಂದರೆ ನಾಲಗೆಯನ್ನು ದಂಡಿಸುವ ವ್ರತವೆಂಬ ಭಾವನೆ ಆ ಶಾಸ್ತ್ರವನ್ನು ಹೊಗಳುವವರಲ್ಲಿಯೂ ತೆಗಳುವವರಲ್ಲಿಯೂ ಸಮಾನವಾಗಿ ನೆಲೆಗೊಂಡಿದೆ. ಮೂಲಗ್ರಂಥಗಳನ್ನು ನೋಡಿದರೆ ಈ ಭಾವನೆಗೆ ಆಧಾರ ಸಾಲದೆಂದು ತೋರುವುದು.

ಪಾಣಿನಿಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ದಾರಿಯಿಂದ ತೊಲಗದುದು ಎಂಬ ಅರ್ಥದಲ್ಲಿ ಪಥ್ಯಶಬ್ದವು ಸಿದ್ಧವಾಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿರುವ ಪಥ್ಯಲಕ್ಷಣವು ಈ ವ್ಯುತ್ಪತ್ತಿಯನ್ನೇ ಅನುಸರಿಸಿದೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ದೇಹದ ಮಾರ್ಗಗಳಿಗೆ ಅಪಕಾರ ಮಾಡದಿರುವುದು ಒಂದು ಲಕ್ಷಣ. ಮನಸ್ಸಿಗೆ ಪ್ರಿಯವಾಗಿರುವುದು ಅದರೊಡನೆ ಹೇಳಿದ ಇನ್ನೊಂದು ಲಕ್ಷಣ. ಪ್ರಿಯವಾದುದೆಲ್ಲ ಹಿತವಲ್ಲವೆಂಬುದನ್ನು ಆಚಾರ್ಯನು ಅರಿಯದವನಲ್ಲ. ಪ್ರಮಾಣ, ಕಾಲ, ಸಂಸ್ಕಾರ, ದೇಶ, ದೇಹ, ದೋಷ ಇವುಗಳ ಭೇದದಿಂದ ಒಂದೇ ವಸ್ತು ಹಿತವೂ ಅಹಿತವೂ ಆಗಬಹುದೆಂದು ಮುಂದಿನ ಶ್ಲೋಕದಲ್ಲಿಯೇ ಎಚ್ಚರಿಸಿದ್ದಾನೆ. ಹೀಗಿದ್ದೂ ಲಕ್ಷಣವಾಕ್ಯದಲ್ಲಿ ಮನಸ್ಸಿಗೆ ಸ್ಥಾನ ಕೊಟ್ಟಿರುವುದು ಆಕಸ್ಮಿಕವೆನ್ನಲಾಗದು. ಕನ್ನಡದ ಎರಡನೆಯ ಬಳಕೆ, ಎಂದರೆ ಮಾತು ‘ಪಥ್ಯವಾಗುವುದು’, ಈ ಲಕ್ಷಣದ ಉತ್ತರಾಂಗಕ್ಕೆ ಹೊಂದಿ ನಿಂತಿದೆ.

ಇನ್ನು ಅರುಚಿಯ ವಿಷಯ. ಮಾಧವನಿದಾನದ ಅರೋಚಕಪ್ರಕರಣಕ್ಕೆ ವಿಜಯರಕ್ಷಿತನು ಬರೆದ ಮಧುಕೋಶವ್ಯಾಖ್ಯೆಯಲ್ಲಿ ಹಳೆಯದೊಂದು ವಿಭಾಗವು ಉದ್ಧೃತವಾಗಿದೆ. ಬಾಯಿಗೆ ಹಾಕಿದ ಅನ್ನವು ಸ್ವಾದವೆನಿಸದಿದ್ದರೆ ಅರೋಚಕ. ಅನ್ನವನ್ನು ನೆನೆದರೂ, ಕಂಡರೂ, ಅದರ ಮಾತು ಕಿವಿಗೆ ಬಿದ್ದರೂ ಹೇಸಿಕೆ ಹುಟ್ಟಿದರೆ ಭಕ್ತದ್ವೇಷ. ಕೋಪ, ಭಯ ಮೊದಲಾದುವುಗಳಿಂದ ಪೀಡಿತನಾದವನಿಗೆ ಅನ್ನದ ಬಯಕೆಯೇ ಹುಟ್ಟದಿದ್ದರೆ ಅಭಕ್ತಚ್ಛಂದ. ಶಯ್ಯೆಯ ಬಳಿ ಕುಳಿತು ನೋಡಿದವರಲ್ಲದೆ ಇಂತಹ ಭೇದವನ್ನು ಮಾಡಲಾರರು. ಮೊದಲನೆಯವನು ತುತ್ತನ್ನು ಬಾಯಿಗಿಟ್ಟು ನಿರಾಶನಾಗುತ್ತಾನೆ. ಎರಡನೆಯವನಿಗೆ ಒಗ್ಗರಣೆಯ ವಾಸನೆಯೇ ಸಾಕು. ಮೂರನೆಯವನ ಎದುರಿಗೆ ತಟ್ಟೆ ಇಟ್ಟುದೇ ಅವನಿಗೆ ಗೊತ್ತಿರುವುದಿಲ್ಲ. ಮೂವರಿಗೂ ಒಂದೇ ಉಪಾಯ ಸಾಲದೆಂಬುದು ಈ ವಿಭಾಗದಿಂದ ತಾನಾಗಿ ಹೊರಡುವ ಫಲ.

ಜ್ವರದ ಚಿಕಿತ್ಸೆಯಲ್ಲಿ ಒಂದು ವಿರೋಧವು ಮೇಲುನೋಟಕ್ಕೆ ತೋರುತ್ತದೆ. ಚರಕನು ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿ ಜ್ವರದ ಆರಂಭಕ್ಕೆ ಲಂಘನವನ್ನು, ಎಂದರೆ ಉಪವಾಸಾದಿಗಳಿಂದ ದೇಹವನ್ನು ಹಗುರಗೊಳಿಸುವುದನ್ನು ವಿಧಿಸುತ್ತಾನೆ. ಸುಶ್ರುತಸಂಹಿತೆಯ ಉತ್ತರತಂತ್ರದ ಜ್ವರಪ್ರಕರಣವಾದರೋ, ಅರುಚಿಯಿದ್ದರೂ ಜ್ವರಿತನು ಹಿತವಾದುದನ್ನು ಉಣ್ಣಲೇಬೇಕು, ಉಣ್ಣುವ ಕಾಲದಲ್ಲಿ ಉಣ್ಣದವನು ಕ್ಷೀಣಿಸುವನು ಅಥವಾ ಸಾಯುವನು ಎಂದು ಕಠಿನವಾಗಿಯೇ ನುಡಿಯುತ್ತದೆ. ಒಂದು ಶಾಸ್ತ್ರವು ಹಸಿದಿರು ಎನ್ನುವುದೂ ಉಣ್ಣು ಎನ್ನುವುದೂ ಹೇಗೆ ಹೊಂದೀತು? ಪರಿಹಾರವು ‘ಅನ್ನಕಾಲ’ವೆಂಬ ಪದದಲ್ಲಿದೆ. ಗಡಿಯಾರ ತೋರಿಸುವ ಹೊತ್ತು ಅನ್ನಕಾಲವಲ್ಲ. ಆಮವು ಪಕ್ವವಾಗಿ, ದೇಹ ಹಗುರಾಗಿ, ಅಗ್ನಿಯು ತಲೆಯೆತ್ತುವ ಸಮಯ ಅದು. ಅದಕ್ಕೆ ಮೊದಲು ಅನ್ನವು ಭಾರ, ಅದು ಬಂದ ಮೇಲೆ ಉಪವಾಸವು ಘಾತುಕ. ಚರಕನು ಕೂಡ ಲಂಘನಕ್ಕೆ ಎರಡು ಕಟ್ಟುಗಳನ್ನು ಹಾಕಿದ್ದಾನೆ. ಧಾತುಕ್ಷಯ, ವಾತ, ಭಯ, ಕ್ರೋಧ, ಕಾಮ, ಶೋಕ, ಶ್ರಮ ಇವುಗಳಿಂದ ಹುಟ್ಟಿದ ಜ್ವರದಲ್ಲಿ ಲಂಘನ ಸಲ್ಲದು. ಸಲ್ಲುವಲ್ಲಿಯೂ ರೋಗಿಯ ಬಲಕ್ಕೆ ಕುಂದು ಬಾರದಂತೆ ನಡೆಸಬೇಕು, ಏಕೆಂದರೆ ಆರೋಗ್ಯವು ಬಲವನ್ನು ಆಶ್ರಯಿಸಿದೆ, ಚಿಕಿತ್ಸೆಯೆಲ್ಲ ಆರೋಗ್ಯಕ್ಕಾಗಿಯೇ ಇದೆ. ಉಪವಾಸದ ವಿಧಿಯನ್ನು ಮಾತ್ರ ಆರಿಸಿಕೊಂಡು ಈ ಕಟ್ಟುಗಳನ್ನು ಕೈಬಿಟ್ಟವರು ಚರಕನ ಹೆಸರಿನಲ್ಲಿ ಚರಕನಿಗೆ ವಿರುದ್ಧವಾಗಿ ನಡೆದವರೆನ್ನಬೇಕು.

ಅನ್ನಕಾಲವು ಬಂದಾಗ ಕೊಡತಕ್ಕುದು ಯಾವುದು? ಮಂಡದಿಂದ ಮೊದಲುಮಾಡಿ ಆಯಾ ಔಷಧಗಳಲ್ಲಿ ಸಿದ್ಧಪಡಿಸಿದ ಯವಾಗುಗಳನ್ನು, ಜ್ವರವು ಮೃದುವಾಗುವವರೆಗೆ ಅಥವಾ ಆರು ದಿನಗಳವರೆಗೆ ಕೊಡಬೇಕೆಂದು ಚರಕನ ವಿಧಿ. ಅಗುಳಿಲ್ಲದುದು ಮಂಡ, ಅಗುಳಿರುವ ತೆಳುವಾದುದು ಪೇಯ, ಅಗುಳೇ ಹೆಚ್ಚಾಗಿರುವುದು ವಿಲೇಪಿ, ದ್ರವವು ವಿರಳವಾಗಿರುವುದು ಯವಾಗೂ ಎಂದು ಸುಶ್ರುತನ ಸೂತ್ರಸ್ಥಾನದಲ್ಲಿ ವಿಭಾಗವಿದೆ. ಕನ್ನಡದ ಅಡಿಗೆಮನೆಯಲ್ಲಿ ಮಂಡವನ್ನು ತಿಳಿಯೆಂದೂ, ಪೇಯವನ್ನು ತೆಳುಗಂಜಿಯೆಂದೂ ಗುರುತಿಸಬಹುದು. ಪರಿಭಾಷೆಗಳಲ್ಲಿ ಪ್ರಸಿದ್ಧವಾದ ಒಂದು ಗಣನೆಯಂತೆ ಅಕ್ಕಿಗೆ ೫ ಪಾಲು ನೀರಿನಲ್ಲಿ ಅನ್ನ, ೪ ಪಾಲಿನಲ್ಲಿ ವಿಲೇಪಿ, ೬ ಪಾಲಿನಲ್ಲಿ ಯವಾಗೂ, ೧೪ ಪಾಲಿನಲ್ಲಿ ಮಂಡ ಸಿದ್ಧವಾಗಬೇಕು. ವಿಲೇಪಿಗೆ ಅನ್ನಕ್ಕಿಂತ ಕಡಮೆ ನೀರೇ ಎಂದು ಇಲ್ಲಿ ಶಂಕೆ ಹುಟ್ಟುವುದು ಸಹಜ. ಅನ್ನವನ್ನು ಬಸಿಯುವರು, ವಿಲೇಪಿಯನ್ನು ಬಸಿಯುವುದಿಲ್ಲ ಎಂಬುದನ್ನು ನೆನೆದರೆ ಶಂಕೆ ತೀರುವುದು.

ಈ ಕ್ರಮವು ಅತ್ಯಂತ ವ್ಯವಸ್ಥಿತವಾಗಿ ಕಾಣುವುದು ಸಿದ್ಧಿಸ್ಥಾನದ ಮೊದಲನೆಯ ಅಧ್ಯಾಯದಲ್ಲಿ. ವಮನ ವಿರೇಚನಗಳಿಂದ ಶುದ್ಧನಾದವನ ಅಗ್ನಿಯು ಕುಂದಿರುವುದರಿಂದ ಅವನಿಗೆ ಪೇಯ, ವಿಲೇಪಿ, ಯೂಷ, ಮಾಂಸರಸಗಳನ್ನು ಈ ಅನುಕ್ರಮದಲ್ಲಿಯೇ ಕೊಡಬೇಕು. ಉತ್ತಮಶುದ್ಧಿಯಾದವನಿಗೆ ಒಂದೊಂದನ್ನು ಮೂರು ಊಟಗಳವರೆಗೆ, ಮಧ್ಯಮನಿಗೆ ಎರಡು, ಅವರನಿಗೆ ಒಂದು. ಯೂಷದಲ್ಲಿಯೂ ಎರಡು ವಿಧ: ಉಪ್ಪು, ಜಿಡ್ಡು, ಕಟುದ್ರವ್ಯಗಳಿಲ್ಲದ ಅಕೃತ, ಅವುಗಳಿಂದ ಸಂಸ್ಕರಿಸಿದ ಕೃತ. ಹೆಸರುಬೇಳೆಯ ಬರಿಯ ಕಟ್ಟಿಗೂ ಒಗ್ಗರಣೆ ಕೊಟ್ಟ ಕಟ್ಟಿಗೂ ಇರುವ ಭೇದವೇ ಇದು. ಸಣ್ಣ ಕಿಡಿಯನ್ನು ಹುಲ್ಲು, ಬೆರಣಿಗಳಿಂದ ಮೆಲ್ಲಮೆಲ್ಲನೆ ಬೆಳೆಸಿದರೆ ಎಲ್ಲವನ್ನೂ ಬೇಯಿಸುವ ದೊಡ್ಡ ಬೆಂಕಿಯಾಗುವಂತೆ ಒಳಗಣ ಅಗ್ನಿಯೂ ಬೆಳೆಯುವುದೆಂಬ ದೃಷ್ಟಾಂತವು ಅಲ್ಲಿಯೇ ಇದೆ. ಬಹುದಿನ ಹಸಿದವರಿಗೆ ಒಮ್ಮೆಗೇ ಪೂರ್ಣಾಹಾರವನ್ನು ಕೊಟ್ಟರೆ ರಕ್ತದ ಲವಣಾಂಶಗಳು ವ್ಯತ್ಯಸ್ತವಾಗಿ ಪ್ರಾಣಾಪಾಯವಾಗಬಹುದೆಂಬುದು ೧೯೪೫ರ ಸುಮಾರಿಗೆ, ಎರಡನೆಯ ಮಹಾಯುದ್ಧದ ಸೆರೆಯಿಂದ ಬಿಡುಗಡೆಯಾದವರ ವಿಷಯದಲ್ಲಿ ಪಾಶ್ಚಾತ್ಯ ವೈದ್ಯರ ಲಕ್ಷ್ಯಕ್ಕೆ ಬಂದಿತು. ಇದರಿಂದ ಪ್ರಾಚೀನರು ಲವಣಗಳ ಲೆಕ್ಕವನ್ನು ತಿಳಿದಿದ್ದರೆಂದು ಸಾಧಿಸಹೊರಡುವುದು ಸಾಹಸ. ಕ್ರಮವನ್ನು ಅವರು ಅನುಭವದಿಂದ ಕಂಡುಕೊಂಡಿದ್ದರೆಂದರೆ ಸಾಕು.

ಈ ಸೋಪಾನದಲ್ಲಿ ಪಥ್ಯಕ್ಕೆ ಇರಬೇಕಾದ ಪ್ರಿಯತ್ವ ಎಲ್ಲಿ ಉಳಿಯಿತು? ಜ್ವರಪ್ರಕರಣದಲ್ಲಿಯೇ ಉತ್ತರವಿದೆ. ಹಸಿವಾದ ಜ್ವರಿತನಿಗೆ ಮೊದಲು ಹಿಪ್ಪಲಿ, ಶುಂಠಿಗಳಲ್ಲಿ ಬೇಯಿಸಿದ ಅರಳಿನ ಪೇಯವನ್ನು ಹೇಳಿ, ಹುಳಿಯನ್ನು ಬಯಸುವವನಾದರೆ ಅದೇ ಪೇಯವನ್ನು ದಾಳಿಂಬೆಯಿಂದ ಹುಳಿಗೊಳಿಸಿ ಕೊಡಬೇಕೆಂದು ಚರಕನು ಸೇರಿಸುತ್ತಾನೆ. ಇಲ್ಲಿ ಹುಳಿಗೆ ಕಾರಣವಾಗಿ ಹೇಳಿರುವುದು ದೋಷವನ್ನಲ್ಲ, ರೋಗಿಯ ಬಯಕೆಯನ್ನು. ಬಯಸಿದ ರಸವು ದೊರೆಯಿತು, ಅರಳಿನ ಲಘುತ್ವವೂ ಕೆಡಲಿಲ್ಲ. ಬೇಸಗೆಯಲ್ಲಿಯೂ ಮದ್ಯದಿಂದ ಕೆಟ್ಟವರಿಗೂ ಯವಾಗೂ ಸಲ್ಲದೆಂದು, ಅರಳಿನ ಹಿಟ್ಟನ್ನು ಹಣ್ಣಿನ ರಸ, ಜೇನು, ಸಕ್ಕರೆಗಳೊಡನೆ ಕಲಸಿದ ತರ್ಪಣವನ್ನು ಅಲ್ಲಿ ವಿಧಿಸಿದೆ. ಗಂಜಿಯೊಂದೇ ಪಥ್ಯವೆಂಬ ನಿರ್ಬಂಧ ಚರಕನಿಗಿರಲಿಲ್ಲ.

ರಾಜಯಕ್ಷ್ಮದ ಅಧ್ಯಾಯದಲ್ಲಿ ಈ ಚಿಂತೆಯು ಇನ್ನೂ ಮುಂದುವರಿದು ವಿಚಿತ್ರವಾದೊಂದು ಎಡೆಗೆ ತಲಪಿದೆ. ಕ್ಷಯರೋಗಿಗೆ ಮಾಂಸವು ಬೇಕು, ಆದರೆ ಅವನ ಬಾಯಿ ಅನ್ನವನ್ನೇ ಒಲ್ಲದು. ಅದಕ್ಕಾಗಿ ಮೊದಲು ಬಾಯಿಯನ್ನು ತೊಳೆಸುವ, ಮುಕ್ಕಳಿಸುವ ಯೋಗಗಳನ್ನು, ಓಮ, ಶುಂಠಿ, ದಾಳಿಂಬೆ, ಬೋರೆಹಣ್ಣು ಮೊದಲಾದುವು ಸೇರಿದ ಯವಾನೀಷಾಡವವೆಂಬ ಚೂರ್ಣವನ್ನು ಹೇಳಿದೆ. ಬಳಿಕ, ರೋಗಿಗೆ ಅಭ್ಯಾಸವಿಲ್ಲದ ಮಾಂಸಗಳನ್ನು ಹೆಸರು ಮರೆಸಿ ಕೊಡುವ ವಿಧಿ ಬರುತ್ತದೆ. ಹದ್ದು, ಗೂಬೆಗಳನ್ನು ನವಿಲೆಂದೂ, ಕಾಗೆಯನ್ನು ತಿತ್ತಿರಿಯೆಂದೂ, ಹಾವನ್ನು ಒಂದು ಜಾತಿಯ ಮೀನೆಂದೂ, ಹುರಿದ ಎರೆಹುಳುವನ್ನು ಮೀನಿನ ಕರುಳೆಂದೂ ಹೇಳಿ ಬಡಿಸಬೇಕಂತೆ! ನಿಜವನ್ನು ತಿಳಿದರೆ ರೋಗಿಯು ಹೇಸಿ ತಿನ್ನದಿರುವನು, ತಿಂದುದನ್ನು ಕಕ್ಕುವನು ಎಂಬುದೇ ಈ ಕಪಟಕ್ಕೆ ಕೊಟ್ಟಿರುವ ಕಾರಣ. ರೋಗಿಯೊಡನೆ ಸತ್ಯವನ್ನಾಡಬೇಕೆನ್ನುವ ಇಂದಿನ ವೈದ್ಯಧರ್ಮಕ್ಕೆ ಇದು ಸಮ್ಮತವಾಗಲಾರದು, ಒಪ್ಪಬೇಕೆಂದೂ ಇಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ಈ ಭಾಗವು ಬಹು ಬೆಲೆಯುಳ್ಳದ್ದು. ಆಹಾರದ ದ್ರವ್ಯಗುಣವು ಎಷ್ಟೇ ಇರಲಿ, ಮನಸ್ಸು ಒಪ್ಪದಿದ್ದರೆ ಅದು ನಿಷ್ಫಲವೆಂಬ ನಂಬಿಕೆಯು ಇಲ್ಲಿ ಎಷ್ಟು ಬಲವಾಗಿತ್ತೆಂದರೆ, ಮನಸ್ಸನ್ನು ಒಪ್ಪಿಸಲಾರದಾಗ ಮೋಸಗೊಳಿಸಲೂ ವೈದ್ಯನು ಸಿದ್ಧನಾಗಿದ್ದನು.

ಇದುವರೆಗೆ ಕಂಡುದೆಲ್ಲ ಬಿಡಿಬಿಡಿಯಾದ ಪ್ರಯೋಗ. ಇದನ್ನು ಸಾಮಾನ್ಯನಿಯಮವಾಗಿ ನಿರೂಪಿಸಿರುವುದು ಚಿಕಿತ್ಸಾಸ್ಥಾನದ ಕೊನೆಯದಾದ ಮೂವತ್ತನೆಯ ಅಧ್ಯಾಯದಲ್ಲಿ. ಎಡೆಬಿಡದೆ ಸೇವಿಸಿದುದರಿಂದಲೋ ಸ್ವಾದವಿಲ್ಲದುದರಿಂದಲೋ ಪಥ್ಯವು ರೋಗಿಗೆ ಬೇಡವಾದರೆ, ಬಗೆಬಗೆಯ ಪಾಕವಿಧಾನಗಳಿಂದ ಅದನ್ನು ಮತ್ತೆ ಬೇಕಾದುದನ್ನಾಗಿ ಮಾಡಬೇಕು. ಮನಸ್ಸಿಗೆ ಅನುಕೂಲವಾದುದರಿಂದ ತುಷ್ಟಿ, ಉತ್ಸಾಹ, ರುಚಿ, ಬಲಗಳು ಹುಟ್ಟಿ ವ್ಯಾಧಿಯ ಬಲ ಕುಗ್ಗುವುದು ಎಂಬುದು ಅಲ್ಲಿಯ ತಾತ್ಪರ್ಯ. ಚಪಲದಿಂದಾಗಲಿ ವ್ಯಾಧಿಯ ಸ್ವಭಾವದಿಂದಾಗಲಿ ರೋಗಿಗೆ ಯಾವುದಾದರೊಂದರ ಮೇಲೆ ಆಸೆ ಹುಟ್ಟಿದರೆ ಆ ಆಸೆಯನ್ನೂ ಪಥ್ಯದ ಯೋಜನೆಯಿಂದಲೇ ನಡೆಸಿಕೊಡಬೇಕೆಂದು ಮುಂದಿನ ಮಾತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪಥ್ಯವನ್ನು ರೋಗಿಯು ದ್ವೇಷಿಸಿದರೆ ತಪ್ಪನ್ನು ಅವನ ಮೇಲೆ ಹೊರಿಸಿಲ್ಲ. ಮಾಡಬೇಕಾದ ಕೆಲಸವೆಲ್ಲ ಚಿಕಿತ್ಸಕನದು, ಅವನ ಪಾಚಕನದು.

ಈ ಅಧ್ಯಾಯದ ಮುಖ್ಯವಿಷಯ ಯೋನಿವ್ಯಾಪತ್ತು. ಅಂತಹ ಎಡೆಯಲ್ಲಿ ಪಥ್ಯದ ಸಾಮಾನ್ಯನಿಯಮವೇಕೆಂದು ಆಶ್ಚರ್ಯವಾಗಬಹುದು. ಸ್ಥಾನದ ಕೊನೆಯಾದುದರಿಂದ, ಎಲ್ಲ ರೋಗಗಳಿಗೂ ಅನ್ವಯಿಸುವ ದೇಶ, ಕಾಲ, ಸಾತ್ಮ್ಯಾದಿಗಳ ವಿಚಾರವನ್ನು ಇಲ್ಲಿ ಒಟ್ಟುಗೂಡಿಸಿದೆಯೆಂದು ತಿಳಿಯಬೇಕು. ಈ ಅಧ್ಯಾಯವು ಚರಕನದಲ್ಲ. ಚಿಕಿತ್ಸಾಸ್ಥಾನದ ಹದಿನೇಳು ಅಧ್ಯಾಯಗಳನ್ನೂ ಕಲ್ಪ, ಸಿದ್ಧಿಸ್ಥಾನಗಳನ್ನೂ ತುಂಬಿಸಿದೆನೆಂದು ತಾನೇ ಹೇಳಿಕೊಂಡಿರುವ ದೃಢಬಲನದು. ಅವನ ಕಾಲವು ಕ್ರಿ. ಶ. ೪-೫ನೆಯ ಶತಮಾನಗಳ ಸುಮಾರೆಂದು ವಿದ್ವಾಂಸರಲ್ಲಿ ಬಹುಜನರ ಮತ. ಜ್ವರ, ರಾಜಯಕ್ಷ್ಮಗಳ ಅಧ್ಯಾಯಗಳಾದರೋ ಚರಕನ ಭಾಗಕ್ಕೆ ಸೇರಿದುವು. ಎಂದಮೇಲೆ ದಾಳಿಂಬೆಯ ಹುಳಿಯೂ ಹೆಸರು ಮರೆಸಿದ ಮಾಂಸವೂ ಮೊದಲು, ನಿಯಮವು ಅನಂತರ. ದೃಢಬಲನು ಹಲವು ತಂತ್ರಗಳಿಂದ ಸಂಗ್ರಹಿಸಿ ಬರೆದವನಾದುದರಿಂದ ನಿಯಮವೂ ಹಳೆಯದೇ ಆಗಿರಬಹುದೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೂ ಉಪಲಬ್ಧವಾದ ಪಾಠದ ಮಟ್ಟಿಗೆ, ಶಯ್ಯೆಯ ಬಳಿಯ ರೂಢಿಯೇ ಶಾಸ್ತ್ರವಾಗಿ ಹರಳುಗಟ್ಟಿತೆನ್ನುವುದಕ್ಕೆ ಬಾಧಕವಿಲ್ಲ.

ಮನಸ್ಸಿನಿಂದ ಹುಟ್ಟಿದ ಅರುಚಿಗೆ ಪಾಕದ ಚಾತುರ್ಯವೊಂದೇ ಸಾಲದು. ಚಿಂತೆ, ಶೋಕ, ಭಯ, ಕ್ರೋಧ, ದುಃಖ, ನಿದ್ರೆಗೇಡುಗಳಿಂದ ನರಳುವವನಿಗೆ ಅಳತೆಯಿಂದ ಉಂಡ ಪಥ್ಯಾನ್ನವೂ ಜೀರ್ಣವಾಗುವುದಿಲ್ಲವೆಂದು ಚರಕನ ವಿಮಾನಸ್ಥಾನವು ಹೇಳುತ್ತದೆ. ಸುಶ್ರುತನ ಅರೋಚಕಪ್ರತಿಷೇಧಾಧ್ಯಾಯವು ಇದಕ್ಕೆ ಕೊಟ್ಟಿರುವ ಉಪಾಯವು ಮನೋಹರವಾಗಿದೆ. ಬಯಸಿದುದು ಕೈಗೂಡದೆ ಅಗ್ನಿಯು ಕೆಟ್ಟಿದ್ದರೆ, ದೊರಕಿಸಬಹುದಾದುದನ್ನು ದೊರಕಿಸಿಕೊಡಬೇಕು. ಕಳೆದುಹೋದುದಕ್ಕಾಗಿ ಕೊರಗುವವನನ್ನು ಪೌರಾಣಿಕರ ನೂರಾರು ಕಥೆಗಳಿಂದ ಸಮಾಧಾನಗೊಳಿಸಬೇಕು. ಇದು ಗ್ರಂಥಕಾರನ ಬರಿಯ ಕಲ್ಪನೆಯಲ್ಲ. ಚರಕನ ಉಪಕಲ್ಪನೀಯಾಧ್ಯಾಯದಲ್ಲಿ ರೋಗಿಗಾಗಿ ಕಟ್ಟಬೇಕಾದ ಮನೆಯ ವರ್ಣನೆಯಿದೆ. ಅಲ್ಲಿರಬೇಕಾದ ಪರಿಚಾರಕರಲ್ಲಿ ಅನ್ನ, ಸೂಪಗಳ ಪಾಚಕರಲ್ಲದೆ, ಗೀತವಾದ್ಯ ಬಲ್ಲವರೂ, ಕಥೆ, ಇತಿಹಾಸ, ಪುರಾಣಗಳನ್ನು ಹೇಳಬಲ್ಲವರೂ ಎಣಿಸಲ್ಪಟ್ಟಿದ್ದಾರೆ. ಚಿಕಿತ್ಸೆಯ ನಾಲ್ಕು ಪಾದಗಳಲ್ಲೊಬ್ಬನಾದ ಪರಿಚಾರಕನಿಗೆ ಮೊದಲು ಬೇಕಾದ ಗುಣ ಉಪಚಾರಜ್ಞತೆ. ಯೂಷ, ರಸ ಮೊದಲಾದುವನ್ನು ಮಾಡಬಲ್ಲ ತಿಳಿವನ್ನು ಚಕ್ರಪಾಣಿದತ್ತನು ಅದರಲ್ಲಿ ಸೇರಿಸಿದ್ದಾನೆ. ಅಡಿಗೆ ಬಲ್ಲವನಿಗೆ ಚಿಕಿತ್ಸೆಯಲ್ಲಿ ಪಾಲುಂಟೆಂಬುದು ಇದರಿಂದ ಸ್ಪಷ್ಟ.

ಕನ್ನಡನಾಡಿಗೆ ಬಂದರೆ ಈ ಸೋಪಾನದ ಕೊನೆಯ ಮೆಟ್ಟಲಾದ ಮಾಂಸರಸವು ಚರ್ಚೆಗೆ ಸಿಕ್ಕಿಕೊಂಡುದು ಕಾಣುತ್ತದೆ. ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಅದರ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ಮಾಂಸಾಹಾರವು ಚಿಕಿತ್ಸೆಗೆ ಬೇಕಾಗಿಲ್ಲವೆಂದು ವಾದಿಸುತ್ತದೆ. ನೃಪತುಂಗನ ಸಭೆಯಲ್ಲಿ ಈ ವಾದವು ನಡೆಯಿತೆಂದು ಗ್ರಂಥದ ಹೇಳಿಕೆ. ಆ ನೃಪತುಂಗನು ೯ನೆಯ ಶತಮಾನದ ರಾಷ್ಟ್ರಕೂಟ ಅಮೋಘವರ್ಷನೆಂದು ಸಾಮಾನ್ಯವಾಗಿ ಹೇಳುವರು. ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಜಗದ್ದಳ ಸೋಮನಾಥನು ೧೨ನೆಯ ಶತಮಾನದಲ್ಲಿ ಕನ್ನಡದಲ್ಲಿ ರಚಿಸಿದ ಕಲ್ಯಾಣಕಾರಕದಲ್ಲಿಯೂ ಮದ್ಯಮಾಂಸಗಳಿಗೆ ಎಡೆಯಿಲ್ಲ. ಜೈನವೈದ್ಯನ ಮುಂದೆ ಇದ್ದುದು ಸುಲಭದ ಕೆಲಸವಲ್ಲ. ಚರಕನು ಕ್ಷೀಣನ ಬಲವರ್ಧನೆಗೆ ಮುಖ್ಯವಾಗಿ ಹಿಡಿದ ದ್ರವ್ಯವನ್ನೇ ಬಿಟ್ಟು ಅರುಚಿಯುಳ್ಳವನನ್ನು ಬದುಕಿಸಬೇಕು. ಆಗ ಯೂಷ, ಕ್ಷೀರ, ಘೃತಗಳ ಮೇಲೆಯೂ, ಅವುಗಳಿಗೆ ರುಚಿಯನ್ನು ತರುವ ಪಾಕದ ಮೇಲೆಯೂ ಹೆಚ್ಚಿನ ಹೊರೆ ಬಿದ್ದಿರಬೇಕೆಂದು ಊಹಿಸುವುದು ಯುಕ್ತ. ೧೦೨೫ರ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯ, ಸೂಪಶಾಸ್ತ್ರಗಳೆರಡೂ ಒಂದೇ ಗ್ರಂಥದೊಳಗೆ ಬಂದಿರುವುದನ್ನೂ, ೧೬ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಸೂಪಶಾಸ್ತ್ರಕ್ಕೇ ಒಂದು ಷಟ್ಪದಿಯ ಕಾವ್ಯವನ್ನು ಮೀಸಲಿಟ್ಟುದನ್ನೂ ಈ ಸಂದರ್ಭದಲ್ಲಿ ನೆನೆಯಬಹುದು.

ಅನ್ನವೂ ಔಷಧವೂ ಒಂದೇ ಸೂರಿನಡಿಯಲ್ಲಿದ್ದುದಕ್ಕೆ ಶಾಸನಗಳೂ ಸಾಕ್ಷಿ. ಬಳ್ಳಿಗಾವೆಯ ಕೋಡಿಯಮಠವನ್ನು ೧೧೬೨ರ ಶಾಸನವು ವರ್ಣಿಸುವಾಗ, ದೀನರಿಗೂ ಕುಂಟ ಕುರುಡ ಕಿವುಡರಿಗೂ ಅನ್ನ ದೊರೆಯುವ ಎಡೆಯೆಂದೂ, ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಎಡೆಯೆಂದೂ ಅದನ್ನು ಕೊಂಡಾಡಿದೆ. ನೆರೆಯ ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿರುವ ವೀರರಾಜೇಂದ್ರಚೋಳನ ಕಾಲದ, ಸುಮಾರು ೧೦೬೯ರ ಶಾಸನವು ಇನ್ನೂ ವಿವರವಾಗಿದೆ. ೧೫ ಹಾಸಿಗೆಗಳ ಆ ಆತುರಶಾಲೆಯಲ್ಲಿ ರೋಗಿಯೊಬ್ಬನಿಗೆ ದಿನಕ್ಕೆ ಒಂದು ನಾಳಿ ಅಕ್ಕಿಯು ಗೊತ್ತಾಗಿತ್ತು. ವೈದ್ಯ, ಶಸ್ತ್ರಚಿಕಿತ್ಸಕ, ಪರಿಚಾರಿಕೆಯರು, ಮೂಲಿಕೆ ಸೌದೆಗಳನ್ನು ತರುವವರು ಇವರೆಲ್ಲರ ಜೀವನಕ್ಕೂ, ರಾತ್ರಿ ಉರಿಯುವ ದೀಪಕ್ಕೂ ದತ್ತಿಯುಂಟು. ಕುಡಿಯುವ ನೀರಿಗೆ ಏಲಕ್ಕಿ, ಲಾಮಂಚಗಳ ವಾಸನೆ ಕೊಡುವುದಕ್ಕೂ ಅದರಲ್ಲಿ ಏರ್ಪಾಡಿದೆ. ಹಿತವಾದುದು ಪ್ರಿಯವೂ ಆಗಿರಬೇಕೆಂಬುದು ಓಲೆಯ ಮೇಲಿನ ಮಾತಾಗಿಯೇ ಉಳಿಯಲಿಲ್ಲವೆನ್ನುವುದಕ್ಕೆ ಆ ಲಾಮಂಚದ ನೀರು ಸಾಕು.

ಹಾಗಾದರೆ ಪಥ್ಯವು ಸಪ್ಪೆಯೊಂದಕ್ಕೇ ಹೆಸರಾದುದು ಎಂದಿನಿಂದ? ನಿಶ್ಚಿತವಾದ ಒಂದು ವರ್ಷವನ್ನು ತೋರಿಸುವ ವಿಷಯವಲ್ಲ ಇದು. ಆದರೆ ಬದಲಾವಣೆಯ ಒಂದು ದಾರಿಯನ್ನು ಗುರುತಿಸಬಹುದು. ಪಥ್ಯಾಪಥ್ಯವಿನಿಶ್ಚಯದಂತಹ ಅರ್ವಾಚೀನ ಗ್ರಂಥಗಳಲ್ಲಿ ಪ್ರತಿಯೊಂದು ರೋಗಕ್ಕೂ ಕೊಳ್ಳತಕ್ಕುವು ಇವು, ಬಿಡತಕ್ಕುವು ಇವು ಎಂಬ ಪಟ್ಟಿಗಳು ಬಂದುವು. ಲೋಲಿಂಬರಾಜನ ವೈದ್ಯಜೀವನವು, ಪಥ್ಯವಿದ್ದರೆ ಔಷಧದಿಂದೇನು, ಇಲ್ಲದಿದ್ದರೂ ಔಷಧದಿಂದೇನು ಎಂಬ ಚಮತ್ಕಾರದ ಮಾತಿನಿಂದ ಪಥ್ಯದ ಮಹಿಮೆಯನ್ನು ಎಲ್ಲರ ಬಾಯಿಗೂ ತಂದಿತು. ಈ ಪಟ್ಟಿಗಳು ಸುಲಭವಾಗಿ ಕಂಠಸ್ಥವಾಗುತ್ತವೆ. ದೃಢಬಲನ ನಿಯಮವು ಹಾಗಲ್ಲ, ಅದು ಪ್ರತಿರೋಗಿಯಲ್ಲಿಯೂ ಹೊಸದಾಗಿ ಯೋಚಿಸಬೇಕಾದ ಕೆಲಸ. ಬಿಡತಕ್ಕುವನ್ನು ಹೇಳಿ ಹೊರಟುಹೋಗುವ ವೈದ್ಯನಿಗೆ ಕಾಲು ಗಳಿಗೆ ಸಾಕು. ಪಾಕವಿಧಿಯನ್ನು ಬದಲಿಸಿ ರೋಗಿಯ ಬಾಯಿಗೆ ಒಪ್ಪಿಸಬೇಕಾದವನು ಅಡಿಗೆಯ ಒಲೆಯವರೆಗೆ ಹೋಗಬೇಕಾಗುತ್ತದೆ.

ವೈದ್ಯನು ಬಿಟ್ಟ ಈ ಕೆಲಸವನ್ನು ಮನೆಯ ಹೆಂಗಸರು ಬಿಡಲಿಲ್ಲ. ಜ್ವರ ಬಿಟ್ಟವನಿಗೆ ಮೊದಲ ದಿನ ಗಂಜಿಯ ತಿಳಿ, ಮರುದಿನ ಅರಳಿನ ಗಂಜಿ, ಆಮೇಲೆ ಹೆಸರುಬೇಳೆಯ ಕಟ್ಟು, ಆಮೇಲೆ ಹಳೆಯ ಅಕ್ಕಿಯ ಮೆತ್ತನೆಯ ಅನ್ನಕ್ಕೆ ಮೆಣಸಿನ ಸಾರು 
ಎಂಬ ಕ್ರಮದಲ್ಲಿ ಪೇಯಾದಿಕ್ರಮವನ್ನು ಗುರುತಿಸಲು ಟೀಕೆಯ ಸಹಾಯ ಬೇಡ. ಮಲೆನಾಡಿನಲ್ಲಿ ಬಾಯಿ ಕೆಟ್ಟವರಿಗೆ ಮಾಡುವ ತಂಬುಳಿಯೂ, ವರ್ಷಗಟ್ಟಲೆ ಭರಣಿಯಲ್ಲಿಟ್ಟು ಕಪ್ಪಾದ ನಿಂಬೆಯ ಉಪ್ಪಿನಕಾಯಿಯ ಒಂದು ಚೂರನ್ನು ಗಂಜಿಯ ಅಂಚಿಗೆ ಇಡುವ ರೂಢಿಯೂ, ಹುಳಿಯನ್ನು ಬಯಸಿದ ಜ್ವರಿತನಿಗೆ ಚರಕನು ಹೇಳಿದ ದಾಳಿಂಬೆಯ ಜಾತಿಗೇ ಸೇರಿದುವು.